ಮೆಕಾರ್ಥಿಸಂ: ಒಬ್ಬನ ಖಾತೆಗೆ ಬರೆದ ಲೆಕ್ಕ

ಪ್ರಶ್ನೆ ಕೇಳಿದವರಿಗೆ ದೇಶದ್ರೋಹಿ ಅಂತ ಹಣೆಪಟ್ಟಿ ಕಟ್ಟಿದಾಗೆಲ್ಲ ನಮ್ಮ ಹೇಳಿಕೆಗಳಲ್ಲಿ ‘ಇದು ಮೆಕಾರ್ಥಿಸಂ’ ಅನ್ನೋ ಒಂದು ಸಾಲು ಬರುತ್ತೆ. ಬಳಸೋಣ. ಆದ್ರೆ ಆ ಪದ ಯಾರನ್ನ ತೋರಿಸುತ್ತೆ, ಯಾರನ್ನ ಮರೆಸುತ್ತೆ ಅಂತ ತಿಳ್ಕೊಂಡು ಬಳಸೋಣ. ಪೋಸ್ಟ್ ಉದ್ದ ಇದೆ, ಪೂರ್ತಿ ಓದಿ.

ಜೋಸೆಫ್ ಮೆಕಾರ್ಥಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಿಪಬ್ಲಿಕನ್ ಸೆನೆಟರ್. 1950ರ ಫೆಬ್ರವರಿ 9ರಂದು ವ್ಹೀಲಿಂಗ್ ಅನ್ನೋ ಊರಲ್ಲಿ ಭಾಷಣ ಮಾಡ್ತಾ, ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ತುಂಬಿದ್ದಾರೆ, ಪಟ್ಟಿ ನನ್ನ ಕೈಯಲ್ಲೇ ಇದೆ ಅಂದ. ಪತ್ರಿಕೆಯಲ್ಲಿ ಬಂದ ಸಂಖ್ಯೆ 205. ಮಾರನೇ ದಿನ ಅದು 57 ಆಯ್ತು, ಸೆನೆಟ್‌ನಲ್ಲಿ ನಿಂತಾಗ 81 ಆಯ್ತು. ಮಾರ್ಚ್ 29ರ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಹರ್ಬ್ಲಾಕ್ ಅನ್ನೋ ವ್ಯಂಗ್ಯಚಿತ್ರಕಾರ ಟಾರು ಡಬ್ಬಗಳನ್ನ ಒಂದರ ಮೇಲೊಂದು ಪೇರಿಸಿ, ಮೇಲಿನ ಡಬ್ಬಕ್ಕೆ ‘ಮೆಕಾರ್ಥಿಸಂ’ ಅಂತ ಹೆಸರು ಬರೆದ. ರಿಪಬ್ಲಿಕನ್ ಪಕ್ಷದ ಗುರುತು ಆನೆ. ಒಲ್ಲೆ ಅನ್ನೋ ಆ ಆನೆಯನ್ನ ಪಕ್ಷದ ನಾಯಕರೇ ಅದರ ಮೇಲೆ ಹತ್ತಿಸೋಕೆ ನೋಡ್ತಿರೋ ಚಿತ್ರ ಅದು. ಭಾಷಣ ಆಗಿ ಎರಡು ತಿಂಗಳೂ ಕಳೆದಿರಲಿಲ್ಲ, ಮನುಷ್ಯನ ಹೆಸರು ಪದವಾಗಿ ಹೋಯ್ತು. ಮೆಕಾರ್ಥಿಗೆ ಏನೂ ನಾಚಿಕೆ ಆಗಲಿಲ್ಲ ಅನ್ನಿ. 1952ರಲ್ಲಿ ಅದೇ ಹೆಸರಿಟ್ಟು ಪುಸ್ತಕವನ್ನೇ ತಂದ.

ಈ ಪದದಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಹೆಸರು ಅಂಟಿದ್ದು ಬೆರಳು ತೋರಿಸಿದವನಿಗೆ. ಸಾಮಾನ್ಯವಾಗಿ ಹಾಗಾಗಲ್ಲ. ‘ಅಸ್ಪೃಶ್ಯ’ ಅನ್ನೋದು ನಮಗೆ ಅಂಟ್ತು, ಮುಟ್ಟಲ್ಲ ಅಂತ ದೂರ ನಿಂತವರಿಗೆ ಶತಮಾನಗಳ ಕಾಲ ಯಾವ ಹೆಸರೂ ಅಂಟಲಿಲ್ಲ. ‘ಮನುವಾದಿ’ ಅನ್ನೋ ಪದಾನ ನಾವೇ ಚಲಾವಣೆಗೆ ತರಬೇಕಾಯ್ತು.

ಆದ್ರೆ ಅದೇ ಪದದಲ್ಲಿ ಮೋಸಾನೂ ಇದೆ. ಇಡೀ ಪಾಪವನ್ನ ಒಬ್ಬ ಕೂಗುಮಾರಿಯ ಖಾತೆಗೆ ಬರೆದು ಉಳಿದವರು ಕೈ ತೊಳ್ಕೊಂಡರು. ಸರ್ಕಾರಿ ನೌಕರರ ನಿಷ್ಠೆ ಪರೀಕ್ಷಿಸಬೇಕು ಅನ್ನೋ ಆದೇಶ ಹೊರಟಿದ್ದು 1947ರ ಮಾರ್ಚ್‌ನಲ್ಲಿ, ಅಂದ್ರೆ ವ್ಹೀಲಿಂಗ್ ಭಾಷಣಕ್ಕೆ ಮೂರು ವರ್ಷ ಮೊದಲು. ಸಹಿ ಹಾಕಿದ್ದು ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್.

ಆ ಆದೇಶಕ್ಕೆ ಸಿಕ್ಕವರಲ್ಲಿ ಡೊರೊಥಿ ಬೇಯ್ಲಿ ಒಬ್ಬರು. ಕಪ್ಪು ಮಹಿಳೆ, ಸರ್ಕಾರದ ಉದ್ಯೋಗ ಸೇವಾ ಸಂಸ್ಥೆಯಲ್ಲಿ ನೌಕರಿ, ಯೂನಿಯನ್ ಘಟಕದ ಅಧ್ಯಕ್ಷೆ. ದೂರು ಕೊಟ್ಟವರು ಯಾರು ಅಂತ ಆಕೆಗೆ ಹೇಳಲಿಲ್ಲ. ವಿಚಾರಣೆ ಮಾಡಿದ ಮಂಡಳಿಗೇ ಗೊತ್ತಿರಲಿಲ್ಲ! ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ರಕ್ತವನ್ನ ಬಿಳಿಯರದ್ದು, ಕಪ್ಪು ಜನರದ್ದು ಅಂತ ಬೇರೆ ಮಾಡೋದರ ಬಗ್ಗೆ ನೀವು ರೆಡ್‌ಕ್ರಾಸ್‌ಗೆ ಪತ್ರ ಬರೆದಿದ್ರಾ? ನೋಡಿ, ರಕ್ತದಲ್ಲಿ ಮಡಿ ಮೈಲಿಗೆ ಯಾಕೆ ಅಂತ ಕೇಳೋದೇ ನಿಷ್ಠೆಯ ಮೇಲೆ ಅನುಮಾನಕ್ಕೆ ಕಾರಣ. ಕೆಲಸ ಹೋಯ್ತು. 1951ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕು-ನಾಲ್ಕಾಗಿ ಒಡೆದು, ಕೆಳಗಿನ ತೀರ್ಪೇ ಉಳೀತು.

ಡು ಬಾಯ್ಸ್ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1946ರಲ್ಲಿ ಬಾಬಾಸಾಹೇಬರು ಅವರಿಗೆ ಪತ್ರ ಬರೆದು, ನ್ಯಾಷನಲ್ ನೀಗ್ರೋ ಕಾಂಗ್ರೆಸ್ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಅವರು ಉತ್ತರಾನೂ ಬರೆದರು. ಮರುವರ್ಷ ಅದೇ ಸಂಘಟನೆ ಸರ್ಕಾರದ ‘ವಿಧ್ವಂಸಕ’ ಸಂಘಟನೆಗಳ ಪಟ್ಟಿಗೆ ಸೇರ್ತು. 1951ರಲ್ಲಿ 83ರ ಹೊಸ್ತಿಲಲ್ಲಿದ್ದ ಡು ಬಾಯ್ಸ್ ಮೇಲೆ ವಿದೇಶಿ ಏಜೆಂಟ್ ಅಂತ ನೋಂದಾಯಿಸಿಕೊಂಡಿಲ್ಲ ಅನ್ನೋ ಕೇಸು ಹಾಕಿ, ಕೈಗೆ ಕೋಳ ತೊಡಿಸಿದರು. ಅದೇ ವರ್ಷ ಖುಲಾಸೆ ಆದರು. ಆದರೂ ಪಾಸ್‌ಪೋರ್ಟ್ ಕೊಡಲಿಲ್ಲ.

ಇನ್ನು ಮೆಕಾರ್ಥಿ ಸ್ವತಃ ಹಿಡಿದ ಬೇಟೆ. ಆನಿ ಲೀ ಮಾಸ್. ಸರ್ಕಾರಿ ಕ್ಯಾಂಟೀನುಗಳಲ್ಲಿ ದುಡಿದು, ಆಮೇಲೆ ಪೆಂಟಗನ್‌ನಲ್ಲಿ ಸಂದೇಶ ರವಾನಿಸುವ ಕ್ಲರ್ಕ್ ಆದ ಕಪ್ಪು ವಿಧವೆ. (ನಾನೂ ಕ್ಲರ್ಕೇ. ಇಲಾಖೆಗಳ ಇತಿಹಾಸದಲ್ಲಿ ಸಾಹೇಬರ ಹೆಸರು ಉಳಿಯುತ್ತೆ, ಕ್ಲರ್ಕ್ ಹೆಸರು ಉಳಿಯೋದು ಇಂಥ ಕೇಸಲ್ಲಿ ಮಾತ್ರ.) 1954ರ ಮಾರ್ಚ್ 11ರಂದು ಆಕೆಯನ್ನ ಸಮಿತಿ ಮುಂದೆ ಕೂರಿಸಿದರು. ಕಾರ್ಲ್ ಮಾರ್ಕ್ಸ್ ಹೆಸರು ಎತ್ತಿದಾಗ, ಅವರು ಯಾರು ಅಂತ ತಿರುಗಿ ಕೇಳಿದರು. ಮೆಕಾರ್ಥಿ ಅರ್ಧಕ್ಕೇ ಎದ್ದು ಹೋದ. ಹೊರಗೆ ಹೇಳದ ಸಾಕ್ಷ್ಯದ ಮೇಲೆ ಒಬ್ಬರನ್ನ ಹೀಗೆ ಹಣಿಯೋದು ಸರಿಯಲ್ಲ ಅಂತ ಸೆನೆಟರ್ ಮೆಕ್ಲೆಲನ್ ಜಗಳ ತೆಗೆದರು. ವಾರದೊಳಗೆ ಎಡ್ವರ್ಡ್ ಮರೊ ಅದನ್ನ ಟಿವಿಯಲ್ಲಿ ದೇಶಕ್ಕೆಲ್ಲ ತೋರಿಸಿದರು.

1958ರಲ್ಲಿ ಒಂದು ಸರ್ಕಾರಿ ಮಂಡಳಿ, ಪಕ್ಷದ ದಾಖಲೆಗಳಲ್ಲಿ ಆಕೆಯ ಹೆಸರು, ವಿಳಾಸ ಇತ್ತು ಅಂತ ಹೇಳ್ತು. ಹಾಗಾದ್ರೆ ಮೆಕಾರ್ಥಿ ಸರಿ ಇದ್ದನಾ ಅಂತ ಕೆಲವರು ಕೇಳ್ತಾರೆ. ಸದಸ್ಯೆ ಆಗಿದ್ದರು ಅಂತಾನೇ ಇಟ್ಕೊಳ್ಳಿ. ದೂರಿದವರನ್ನ ಎದುರಿಗೆ ನಿಲ್ಲಿಸಿ ಕೇಳೋ ಹಕ್ಕು ಅಮಾಯಕರಿಗೆ ಮಾತ್ರ ಇರೋದಾ? ನಮ್ಮ ಪರವಾಗಿ ಮಾತಾಡೋರು ಕೂಡ ‘ಪಾಪ, ಏನೂ ಗೊತ್ತಿಲ್ಲದ ಹೆಂಗಸು’ ಅಂತ ಮಾತಾಡ್ತಾರಲ್ಲ, ಅದು ನನಗೆ ಒಗ್ಗಲ್ಲ. ಮಾರ್ಕ್ಸ್ ಗೊತ್ತಿದ್ದ ಕ್ಲರ್ಕ್‌ಗೂ ನ್ಯಾಯ ಬೇಕು.

1954ರ ಡಿಸೆಂಬರ್ 2ರಂದು ಸೆನೆಟ್ 67-22 ಮತಗಳಿಂದ ಮೆಕಾರ್ಥಿಗೆ ಛೀಮಾರಿ ಹಾಕ್ತು. ಕಾರಣಗಳನ್ನ ಗಮನಿಸಿ: ಸೆನೆಟ್‌ನ ಒಂದು ಸಮಿತಿಗೆ ಸಹಕರಿಸಲಿಲ್ಲ, ಇನ್ನೊಂದು ಸಮಿತಿಯನ್ನ ಬೈದ. ಅಂದ್ರೆ ಸೆನೆಟರುಗಳ ಮರ್ಯಾದೆ ಪ್ರಶ್ನೆ. ಸೇನಾಧಿಕಾರಿಯನ್ನ ಅವಮಾನಿಸಿದ ಆರೋಪವನ್ನೂ ಕೊನೆಗೆ ಕೈಬಿಟ್ಟರು. ಇನ್ನು ಆನಿ ಲೀ ಮಾಸ್ ಲೆಕ್ಕಕ್ಕೆ ಎಲ್ಲಿಂದ ಬರಬೇಕು?

ಮೆಕಾರ್ಥಿ 1957ರ ಮೇ 2ರಂದು ಸತ್ತ. ಡು ಬಾಯ್ಸ್ ಅವರಿಗೆ ಪಾಸ್‌ಪೋರ್ಟ್ ಸಿಕ್ಕಿದ್ದು 1958ರಲ್ಲಿ.

ಜೈ ಭೀಮ್.