ರೈಲು ಕೆಡವಿದ ಪಾನಗೃಹ

ಕಳೆದ ವರ್ಷ ಇಲಾಖೆಯ ತರಬೇತಿಗೆಂದು ಲಂಡನ್ನಿಗೆ ಹೋಗಿದ್ದಾಗ ಬಿಡುವು ದೊರೆತದ್ದು ಒಂದೇ ಒಂದು ಸಂಜೆ. ಜೊತೆಗಿದ್ದವರು ಥೇಮ್ಸ್ ನದಿಯ ವಿಹಾರಕ್ಕೆ ಹೊರಟರು. ನಾನು ಲಂಡನ್ ಬ್ರಿಡ್ಜ್ ನಿಲ್ದಾಣದಲ್ಲಿ ಇಳಿದು, ನದಿಯ ದಕ್ಷಿಣಕ್ಕಿರುವ ಸದರ್ಕ್ ಬಡಾವಣೆಯಲ್ಲಿ ಜಾರ್ಜ್ ಇನ್ ಹುಡುಕಿಕೊಂಡು ನಡೆದೆ. ಎಂ.ಎ. ತರಗತಿಯಲ್ಲಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ ನಮಗೆ ಪಠ್ಯವಾಗಿತ್ತು. ಅದರ ಯಾತ್ರಿಕರು ಒಟ್ಟುಗೂಡುವ ಟಬಾರ್ಡ್ ಎಂಬ ತಂಗುಮನೆ ಇದ್ದದ್ದು ಜಾರ್ಜ್‌ನ ಪಕ್ಕದಲ್ಲಿಯೇ. ಟಬಾರ್ಡನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಡವಿದರು, ಜಾರ್ಜ್ ಉಳಿದಿದೆ.

ಪಾನಗೃಹದೊಳಗೆ ಕಾಲಿಡಲು ನನಗೆ ಅಳುಕಿತ್ತು ಎಂಬುದನ್ನು ಮುಚ್ಚಿಡಲಾರೆ. ನಮ್ಮ ಚಿಕ್ಕಪ್ಪನ ಎರಡು ಎಕರೆ ಗದ್ದೆ ಸರಾಯಿ ಅಂಗಡಿಯ ಸಾಲಕ್ಕೆ ಹೋಯಿತು. ಆ ಅಂಗಡಿಯ ಹೆಸರನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಿರಲಿಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸರಾಯಿ ನಿಷೇಧವಾದಾಗ ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಅಂಥ ಮನೆಯಿಂದ ಬಂದವನು ಕುಡಿಯುವ ಜಾಗವೊಂದನ್ನು ಪರಂಪರೆಯೆಂದು ನೋಡುವುದು ಹೇಗೆ?

ಜಾರ್ಜ್‌ನ ಇತಿಹಾಸವೇ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. 1676ರ ಬೆಂಕಿ ಸದರ್ಕಿನ ಬಹುಭಾಗವನ್ನು ಸುಟ್ಟಿತು. ಮರುವರ್ಷವೇ ಜಾರ್ಜ್ ಮತ್ತೆ ಎದ್ದಿತು. ನಡುವೆ ಅಂಗಳ, ಸುತ್ತ ಕಟ್ಟಡ, ಮೇಲೆ ಮರದ ಮೊಗಸಾಲೆಗಳು. ಕುದುರೆ ಗಾಡಿಗಳು ಅಂಗಳಕ್ಕೆ ಬರುತ್ತಿದ್ದವು. ಪ್ರಯಾಣಿಕರು ಮೇಲೆ ಮಲಗುತ್ತಿದ್ದರು. ಅಂದರೆ ಇದು ನಮ್ಮೂರಿನ ಸರಾಯಿ ಅಂಗಡಿಯ ಬಳಗದ್ದಲ್ಲ. ಬಿಯರನ್ನು ಬದಿಗಿಟ್ಟು ನೋಡಿದರೆ, ದಾರಿಹೋಕರಿಗೆ ನೆರಳಾದ ನಮ್ಮ ಛತ್ರದ ಬಳಗದ್ದು.

ರೈಲು ಬಂದ ಮೇಲೆ ಕುದುರೆ ಗಾಡಿಗಳು ನಿಂತವು. ಜಾರ್ಜ್ ಗ್ರೇಟ್ ನಾರ್ದರ್ನ್ ರೈಲ್ವೆಯ ಕೈಸೇರಿತು. 1889ರಲ್ಲಿ ಕಂಪನಿಯು ಕಟ್ಟಡದ ಹೆಚ್ಚಿನ ಭಾಗವನ್ನು ಕೆಡವಿಸಿ, ದಕ್ಷಿಣದ ಪಾರ್ಶ್ವವನ್ನಷ್ಟೇ ಉಳಿಸಿತು. ಆ ಕಂಪನಿಯ ಉತ್ತರಾಧಿಕಾರಿಯಾದ ಲಂಡನ್ ಆ್ಯಂಡ್ ನಾರ್ತ್ ಈಸ್ಟರ್ನ್ ರೈಲ್ವೆ 1937ರಲ್ಲಿ ಉಳಿದ ಭಾಗವನ್ನು ನ್ಯಾಷನಲ್ ಟ್ರಸ್ಟ್‌ಗೆ ದಾನವಾಗಿ ಕೊಟ್ಟಿತು. ಮೊಗಸಾಲೆಯುಳ್ಳ ಗಾಡಿ ನಿಲ್ದಾಣದ ತಂಗುಮನೆಗಳಲ್ಲಿ ಲಂಡನ್ನಿನಲ್ಲಿ ಇಂದು ಉಳಿದಿರುವುದು ಇದೊಂದೇ.

ಅಲ್ಲಿ ಅರ್ಧ ಪೈಂಟ್ ಏಲ್ ತೆಗೆದುಕೊಂಡೆ. ನೆಲಮಾಳಿಗೆಯ ಪೀಪಾಯಿಯಲ್ಲಿ ಎರಡನೆಯ ಬಾರಿ ಹುದುಗಿದ ಬಿಯರನ್ನು ಕೈಪಂಪಿನಿಂದ ಮೇಲೆಳೆದು ಕೊಡುತ್ತಾರೆ. ಹೊರಗಿನ ಅನಿಲ ಸೇರಿಸುವುದಿಲ್ಲ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಸೋಸಿ, ಕಾಯಿಸಿ, ಅನಿಲ ತುಂಬಿದ ಬಿಯರನ್ನು ಊರೂರಿಗೂ ಹಂಚಿದಾಗ ಈ ಪದ್ಧತಿ ಅಳಿವಿನಂಚಿಗೆ ಬಂದಿತ್ತು. 1971ರಲ್ಲಿ ನಾಲ್ವರು ಗೆಳೆಯರು ಹುಟ್ಟುಹಾಕಿದ ‘ಕ್ಯಾಮ್ರಾ’ ಎಂಬ ಗ್ರಾಹಕ ಚಳವಳಿ ಅದಕ್ಕೆ ಮರುಜೀವ ಕೊಟ್ಟಿತು. ಲೆಕ್ಕಪತ್ರದ ಕೆಲಸ ಮಾಡುವ ನನಗೆ ಹೆಚ್ಚು ಹಿಡಿಸಿದ್ದು 2002ರ ಸುಂಕದ ನಿಯಮ: ವರ್ಷಕ್ಕೆ 5,000 ಹೆಕ್ಟೋಲೀಟರ್ ಮೀರದ ತಯಾರಕರಿಗೆ ಅರ್ಧ ಸುಂಕ ಮಾಫಿ. ಸಣ್ಣ ತಯಾರಕರು ತಲೆಯೆತ್ತಲು ಆ ಸಣ್ಣ ಲೆಕ್ಕವೂ ನೆರವಾಯಿತು.

ಅವರಲ್ಲಿ ಹಲವರು ನೆಲೆ ಕಂಡದ್ದು ಎಲ್ಲಿ? ಜಾರ್ಜ್‌ನಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ ಬರ್ಮಂಡ್ಸೆ. ಲಂಡನ್ನಿನ ಮೊದಲ ರೈಲು ಮಾರ್ಗ 1836ರಲ್ಲಿ ಇಲ್ಲಿಂದಲೇ ಗ್ರೀನಿಚ್ ದಿಕ್ಕಿಗೆ ಹೊರಟಿತು. ಅದನ್ನು ಹೊತ್ತಿದ್ದು ಎಂಟುನೂರಕ್ಕೂ ಹೆಚ್ಚು ಇಟ್ಟಿಗೆಯ ಕಮಾನುಗಳು. ಈ ಬಡಾವಣೆಯ ರೈಲು ಕಮಾನುಗಳಡಿ 2009ರಲ್ಲಿ ‘ಕರ್ನೆಲ್’ ಎಂಬ ಕಿರು ಬ್ರೂವರಿ ಆರಂಭವಾಗಿ, ಲಂಡನ್ನಿನ ಹಳೆಯ ಪೋರ್ಟರ್, ಸ್ಟೌಟ್ ಬಿಯರುಗಳನ್ನು ಮತ್ತೆ ತಯಾರಿಸಿತು. ಬೇರೆಯವರೂ ಹಿಂಬಾಲಿಸಿದರು, ಇಂದು ಅದು ಕ್ರಾಫ್ಟ್ ಬಿಯರಿಗೆ ಹೆಸರಾದ ‘ಬಿಯರ್ ಮೈಲ್’. ಗಾಡಿ ನಿಲ್ದಾಣಗಳನ್ನು ನುಂಗಿದ ರೈಲೇ ತನ್ನ ಕಮಾನುಗಳ ಕೆಳಗೆ ಆ ಕಸುಬಿಗೆ ಮತ್ತೆ ಜಾಗ ಕೊಟ್ಟಿತ್ತು. ನಮ್ಮಲ್ಲಿಯೂ ರೈಲು ಹಳೆಯ ದಾರಿಗಳ ಛತ್ರಗಳನ್ನು ಬರಿದು ಮಾಡಿತು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿದ್ದೂ ರೈಲಿನ ಪ್ರಯಾಣಿಕರಿಗಾಗಿಯೇ. ಹಳೆಯದು ಹಳೆಯದೆಂಬ ಕಾರಣಕ್ಕೆ ಉಳಿಯುವುದಿಲ್ಲ. ಅದರಿಂದ ಇಂದಿಗೂ ಯಾರಿಗೋ ಉಪಯೋಗವಿದ್ದರೆ ಉಳಿಯುತ್ತದೆ.

ಕತ್ತಲಾಗುವ ಮುನ್ನ ಜಾರ್ಜ್‌ನ ಅಂಗಳಕ್ಕೆ ಮರಳಿದೆ. ಉದ್ದನೆಯ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ ವೃದ್ಧರೊಬ್ಬರು ನನ್ನ ಊರು ಯಾವುದೆಂದು ವಿಚಾರಿಸಿದರು. ಒಂದೇ ಲೋಟವನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಮಾತಾಡಿದರು. ಆಗ ಚಿಕ್ಕಪ್ಪ ನೆನಪಾದರು. ಅವರು ಸರಾಯಿ ಪೊಟ್ಟಣವನ್ನು ಅಂಗಡಿಯ ಎದುರು ನಿಂತೇ ಬರಿದುಮಾಡಿ ಕತ್ತಲಲ್ಲಿ ಒಬ್ಬರೇ ಮನೆಗೆ ಬರುತ್ತಿದ್ದರು. ಕೂರಲು ಅಲ್ಲಿ ಬೆಂಚಿರಲಿಲ್ಲ, ಊರು ಕೇಳುವವರೂ ಇರಲಿಲ್ಲ. ಬೆಂಚಿದ್ದಿದ್ದರೆ ಗದ್ದೆ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಚಿಕ್ಕಮ್ಮನ ದೀಪದ ಮುಂದೆ ಆ ಮಾತು ನಿಲ್ಲದು. ಆದರೆ ಜಾರ್ಜ್‌ನಲ್ಲಿ ಕಾಪಾಡಲು ಯೋಗ್ಯವಾದದ್ದು ಲೋಟದಲ್ಲಿರುವುದಲ್ಲ, ಅಪರಿಚಿತನಿಗೆ ಸರಿದು ಕೊಟ್ಟ ಆ ಒಂದು ಗೇಣು ಜಾಗ ಎಂದು ತೋರಿತು. ಅರ್ಧ ಲೋಟವನ್ನು ಹಾಗೆಯೇ ಬಿಟ್ಟು, ಆ ಹಿರಿಯರಿಗೆ ಕೈಮುಗಿದು ಎದ್ದೆ.