ಹೆಸರಿಲ್ಲದ ಕಡತ

ಕಡತವೆಂದರೆ ಈಗ ನಮಗೆ ನೆನಪಾಗುವುದು ತಾಲ್ಲೂಕು ಕಛೇರಿಯ ಮೇಜಿನ ಮೇಲೆ ದಾರ ಕಟ್ಟಿಸಿಕೊಂಡು ಕೂತಿರುವ ರಟ್ಟಿನ ಕಟ್ಟು. ಆದರೆ ಈ ಮಾತಿಗೆ ಅದಕ್ಕಿಂತ ಹಳೆಯ, ಅದಕ್ಕಿಂತ ಚೆಂದದ ಅರ್ಥವೊಂದಿದೆ. ಹಿಂದೆ ನಮ್ಮ ನಾಡಿನ ವರ್ತಕರು, ಶಾನುಭೋಗರು, ಮಠಗಳವರು ಲೆಕ್ಕಪತ್ರ ಬರೆದಿಡುತ್ತಿದ್ದುದು ಬಟ್ಟೆಯ ಪುಸ್ತಕದಲ್ಲಿ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕೂರಿಸಿದರೆ ಅದೇ ಕಡತ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಇದನ್ನು ಅಳತೆಯ ಸಮೇತ ವರ್ಣಿಸಿದ್ದಾನೆ. ಅಗಲ ಎಂಟಂಗುಲದಿಂದ ಒಂದಡಿ, ಉದ್ದ 12ರಿಂದ 18 ಅಡಿ. ಶೃಂಗೇರಿ ಮಠದ ಕಡತಗಳಂತೂ ಚರಿತ್ರೆ ಬರೆಯುವವರಿಗೆ ದೊಡ್ಡ ಆಕರ. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆಯುವುದು. ಬೇಡವಾದರೆ ಅಳಿಸಿ ಮತ್ತೆ ಬರೆಯುವುದು. ನಾವು ಚಿಕ್ಕಂದಿನಲ್ಲಿ ಎಂಜಲು ಹಚ್ಚಿ ಒರೆಸಿ ಬೈಸಿಕೊಳ್ಳುತ್ತಿದ್ದ ಸ್ಲೇಟಿನ ಅಜ್ಜಿ ಎಂದರೂ ಸರಿಯೇ.

ಈ ಹಳೆಯ ಮಾತನ್ನು ಕಂಪ್ಯೂಟರಿನವರು ಎತ್ತಿಕೊಂಡರು ಎಂಬುದು ನನಗೆ ಬಹಳ ಖುಷಿಯ ಸಂಗತಿ. ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಗ್ನೋಮ್ ಎಂಬ ತಂತ್ರಾಂಶವನ್ನು ಕನ್ನಡಕ್ಕೆ ತಂದವರು ‘ಫೈಲ್’ ಎಂಬಲ್ಲಿ ‘ಕಡತ’ ಎಂದರು, ‘ಓಪನ್’ ಎಂಬಲ್ಲಿ ‘ತೆರೆ’ ಎಂದರು. ನಮ್ಮ ಪಕ್ಕದ ಮೂಡಿಗೆರೆಯ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಕನ್ನಡದಲ್ಲಿ ಕಂಪ್ಯೂಟರು ನಡೆಯಬೇಕು ಎಂದು ಹಟ ಹಿಡಿದು ಓಡಾಡಿದ್ದು ಈ ಭಾಗದವರಿಗೆಲ್ಲ ಗೊತ್ತು. ಪದವೇನೋ ಬಂತು. ಆದರೆ ಕಡತವನ್ನು ‘ತೆರೆ’ ಎಂದಾಗ ಯಂತ್ರದೊಳಗೆ ಏನಾಗುತ್ತದೆ, ಅದನ್ನು ಯಾರು ಎಲ್ಲಿ ಬರೆದಿಟ್ಟಿದ್ದಾರೆ ಎಂಬುದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗಳಿಂದ. ಇತಿಹಾಸದ ಮೇಡಂಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಶಾಸನ ಓದುವವರಿಗೆ ಕೈಪಿಡಿಯೂ ಒಂದು ಶಾಸನವೇ. ಯಾವ ಸಾಲು ಯಾವಾಗ ಸೇರಿತು, ಯಾಕೆ ಸೇರಿತು ಎಂದು ನೋಡಿದರೆ ಅದರಲ್ಲೂ ಕಥೆ ಸಿಗುತ್ತದೆ.

ಕಥೆ ಶುರುವಾಗುವುದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬಿಬ್ಬರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿದರು. ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರದ ಮನೆವಾರ್ತೆ ನೋಡಿಕೊಳ್ಳುವ ಯಜಮಾನಿತಿ ಎಂದುಕೊಳ್ಳಿ. ಯಾವ ತಂತ್ರಾಂಶಕ್ಕೆ ಏನು ಬೇಕಾದರೂ ಅವಳನ್ನೇ ಕೇಳಬೇಕು. ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲಿ. ಆ ಯೂನಿಕ್ಸಿನ ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಅದರಲ್ಲಿ ಕಡತ ತೆರೆಯುವುದಕ್ಕೆ ಒಂದು ಪುಟ. ತೆರೆಯುವ ಬಗೆ ಎರಡೇ: ಓದಲು, ಇಲ್ಲವೇ ಬರೆಯಲು. ಹೊಸದಾಗಿ ಕಡತ ಹುಟ್ಟಿಸುವುದಕ್ಕೆ ಬೇರೆಯೇ ಅಪ್ಪಣೆ. ಅದರ ಇಂಗ್ಲಿಷ್ ಹೆಸರಿನಲ್ಲಿ ಕೊನೆಯ ಒಂದಕ್ಷರವನ್ನು ಬಿಟ್ಟೇ ಬರೆದಿದ್ದರು. ಮತ್ತೆ ಯೂನಿಕ್ಸ್ ಕಟ್ಟುವುದಾದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದ್ದಕ್ಕೆ ಥಾಂಪ್ಸನ್, ಆ ಅಕ್ಷರವನ್ನು ಸೇರಿಸುತ್ತೇನೆ ಎಂದರಂತೆ. ಕಾಗುಣಿತ ತಿದ್ದುವ ನಮ್ಮಂಥವರಿಗೆ ಇಂಥ ಮಾತು ಕೇಳಿದರೆ ಒಂದು ದಿನದ ಸುಸ್ತು ಇಳಿಯುತ್ತದೆ.

ನನಗೆ ಹಿಡಿಸಿದ್ದು ಇನ್ನೊಂದು. ಆ ಕೈಪಿಡಿಯ ಪುಟಗಳಲ್ಲಿ ‘ದೋಷಗಳು’ ಎಂಬ ಶೀರ್ಷಿಕೆಯೂ ಇತ್ತು. ತಾವು ಮಾಡಿದ ವಸ್ತುವಿನ ಕುಂದನ್ನು ಅದರ ಪಕ್ಕದಲ್ಲೇ ಅಚ್ಚು ಹಾಕಿಸುವುದು! ಮಿಕ್ಸಿಯ ಜೊತೆ ಬರುವ ಪುಸ್ತಕದಲ್ಲಿ ನೀವು ಎಂದಾದರೂ ಹಾಗೆ ಕಂಡಿದ್ದೀರಾ? ಅದೇ ಪ್ರಯೋಗಾಲಯದ ಡಗ್ ಮೆಕ್‌ಇಲ್‌ರಾಯ್ ಮುಂದೆ ನೆನಪಿಸಿಕೊಂಡಂತೆ, ಕೈಪಿಡಿಯ ಹೊಸ ಆವೃತ್ತಿ ಬರುವ ಮುಂಚೆ ಅಲ್ಲಿ ದೊಡ್ಡ ಗಡಿಬಿಡಿ ನಡೆಯುತ್ತಿತ್ತಂತೆ. ವಿಕಾರಗಳನ್ನು ಬರೆಯಲು ಕೂತಾಗ, ಇದನ್ನು ಅಚ್ಚಿಗೆ ಕೊಡಲಾಗದು ಎನಿಸಿ, ಬರೆಯುವುದನ್ನು ಬಿಟ್ಟು ವಸ್ತುವನ್ನೇ ತಿದ್ದುತ್ತಿದ್ದರು. ಲೊರಿಂಡಾ ಚೆರಿ ಎಂಬಾಕೆಯೂ ಅಲ್ಲೇ ಇದ್ದರು. ಬರಹ ತೊಡಕಾಗಿದೆಯೇ ಎಂದು ಓದಿ ಹೇಳುವ ತಂತ್ರಾಂಶಗಳನ್ನು ಬರೆದವರು. ಗಂಡಸರ ಹೆಸರುಗಳೇ ತುಂಬಿರುವ ಈ ಚರಿತ್ರೆಯಲ್ಲಿ ಆಕೆಯ ಹೆಸರನ್ನು ಬಿಡಲು ನನಗೆ ಮನಸ್ಸಿಲ್ಲ.

ಕಾಲ ಹೋದಂತೆ ತೆರೆಯುವ ಬಗೆಗಳು ಬೆಳೆದವು. 1980ರ ದಶಕದ ಹೊತ್ತಿಗೆ, ಇಲ್ಲದಿದ್ದರೆ ಹುಟ್ಟಿಸು, ಇದ್ದರೆ ಮುಟ್ಟಬೇಡ, ಕೊನೆಗೆ ಮಾತ್ರ ಸೇರಿಸು ಎಂದೆಲ್ಲ ಹೇಳಬಹುದಾಯಿತು. ಒಂದೊಂದಕ್ಕೂ ಒಂದೊಂದು ಗುರುತು. ಯೂನಿಕ್ಸಿನ ಜಾಡಿನಲ್ಲೇ 1991ರಲ್ಲಿ ಬಂದ ಲಿನಕ್ಸ್‌ಗೂ ಇವೇ ಗುರುತುಗಳು ಬಂದವು. ನಾನು ಹೇಳಹೊರಟಿರುವುದು 2013ರಲ್ಲಿ, ಲಿನಕ್ಸಿನ 3.11ನೆಯ ಆವೃತ್ತಿಯಲ್ಲಿ ಸೇರಿದ ಒಂದು ಗುರುತಿನ ಕಥೆ. ಅದಕ್ಕೆ ಮುಂಚೆ ನಮ್ಮ ತೋಟದ ಮಾತೊಂದಿದೆ.

ನಮ್ಮ ತಂದೆ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ನಮ್ಮ ಕಡೆ ತೋಟದ ಗುಮಾಸ್ತರಿಗೆ ರೈಟರೆಂದೇ ಹೆಸರು. ಆಳುಗಳ ಹಾಜರಿ, ಮುಂಗಡ, ಕೂಲಿ ಎಲ್ಲ ಚೆಕ್‌ರೋಲಿನಲ್ಲಿ. ಬಟವಾಡೆಯ ಹಿಂದಿನ ರಾತ್ರಿ ಅವರು ಲಾಟೀನಿನ ಬೆಳಕಿನಲ್ಲಿ ಮೊದಲು ಬಿಡಿ ಹಾಳೆಯ ಮೇಲೆ ಕಚ್ಚಾ ಲೆಕ್ಕ ಹಾಕುತ್ತಿದ್ದರು. ಆ ಹಾಳೆಗೆ ತಲೆಬರಹವಿಲ್ಲ, ತಾರೀಖಿಲ್ಲ. ನಾವು ಮಕ್ಕಳು ಇಣುಕಿದರೂ ಕೈ ಅಡ್ಡ ಹಿಡಿಯುತ್ತಿದ್ದರು. ಎಲ್ಲ ಹೆಂಗಸರ ಹೆಸರೂ ಬಂದು, ಮೊತ್ತ ಎರಡು ಸಲ ತಾಳೆಯಾದ ಮೇಲೆಯೇ ಪಕ್ಕಾ ಪುಸ್ತಕಕ್ಕೆ. “ಅರ್ಧ ಬರೆದ ಪಟ್ಟಿ ಯಾರ ಕಣ್ಣಿಗೂ ಬೀಳಬಾರದು. ನೋಡಿದವರು ಅದೇ ಪೂರ್ತಿ ಅಂದುಕೊಳ್ತಾರೆ” ಎನ್ನುತ್ತಿದ್ದರು.

ಅಕ್ಕನ ಮಗಳು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಆದದ್ದು ಇದೇ. ಅಲ್ಲಿ ಕಸ ಗುಡಿಸುವ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಗುತ್ತಿಗೆ ಹೆಂಗಸರ ವಾರದ ಸಂಬಳದ ಪಟ್ಟಿಯನ್ನು ರಾತ್ರಿ ಒಂದು ಪ್ರೋಗ್ರಾಂ ಬರೆಯುತ್ತಿತ್ತು, ಬೆಳಗ್ಗೆ ಇನ್ನೊಂದು ಅದನ್ನು ಓದಿ ಬ್ಯಾಂಕಿಗೆ ಕಳಿಸುತ್ತಿತ್ತು. ಒಂದು ರಾತ್ರಿ ಮೊದಲನೆಯದು ನಡುವೆಯೇ ನಿಂತುಹೋಯಿತು. ಬೆಳಗಿನದಕ್ಕೆ ಕಡತ ಕಂಡಿತು, ಇದೇ ಪೂರ್ತಿ ಎಂದುಕೊಂಡು ತೆಗೆದುಕೊಂಡು ಹೋಯಿತು. ಪಟ್ಟಿಯ ಕೆಳಗಿನ ಅರ್ಧದವರಿಗೆ ಆ ವಾರ ದುಡ್ಡಿಲ್ಲ. ಸರಿಪಡಿಸಲು ಆರು ದಿನ ಹಿಡಿಯಿತಂತೆ. ಮನೆ ಬಾಡಿಗೆಯ ವಾರ ಅದು. “ಚಿಕ್ಕಮ್ಮ, ಆ ಹೆಂಗಸರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಬೈಯಲಿಲ್ಲ, ಸುಮ್ಮನೆ ನಿಂತರು” ಎಂದಳು.

ಇಂಥದ್ದನ್ನು ತಡೆಯಲು ಹಳೆಯ ಉಪಾಯವೊಂದಿದೆ. ಬೇರೆ ಹೆಸರಿನ ತಾತ್ಕಾಲಿಕ ಕಡತದಲ್ಲಿ ಬರೆದು, ಮುಗಿದ ಮೇಲೆ ನಿಜವಾದ ಹೆಸರಿಡುವುದು. ಆದರೆ ನಡುವೆ ನಿಂತುಹೋದರೆ ಆ ತಾತ್ಕಾಲಿಕ ಕಡತಗಳು ಕಸದ ಹಾಗೆ ಉಳಿದುಬಿಡುತ್ತವೆ. ಎಲ್ಲರೂ ಬಳಸುವ ಜಾಗದಲ್ಲಿ ಮುಂದೆ ಬರುವ ಹೆಸರನ್ನು ಊಹಿಸಿ ಕಿಡಿಗೇಡಿಗಳು ಬಲೆ ಒಡ್ಡುವುದೂ ಉಂಟು. 2013ರ ಹೊಸ ಗುರುತು ಇದಕ್ಕೆ ಮದ್ದು. ಅದರ ಹೆಸರು ಓ-ಟೆಂಪ್‌ಫೈಲ್. ಇದನ್ನು ಹೇಳಿ ತೆರೆದರೆ ಸಿಗುವ ಕಡತಕ್ಕೆ ಹೆಸರೇ ಇರುವುದಿಲ್ಲ. ಹೆಸರಿಲ್ಲದ್ದನ್ನು ಹುಡುಕುವುದು ಹೇಗೆ, ಅದಕ್ಕೆ ಬಲೆ ಒಡ್ಡುವುದು ಹೇಗೆ? ಬರೆಯುತ್ತಿದ್ದ ಪ್ರೋಗ್ರಾಂ ನಡುವೆ ನಿಂತರೆ ಕಡತ ತಾನಾಗಿಯೇ ಅಳಿದುಹೋಗುತ್ತದೆ. ಪೂರ್ತಿಯಾದರೆ ಆಮೇಲೆ ಹೆಸರಿಡಬಹುದು. ಆ ಕ್ಷಣದಲ್ಲಿ ಅದು ಎಲ್ಲರ ಕಣ್ಣಿಗೂ ಪೂರ್ತಿ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ನಮ್ಮ ತಂದೆಯ ಬಿಡಿ ಹಾಳೆಯೇ ಅಲ್ಲವೇ?

ಆದರೆ ಹೊಸ ಅನುಕೂಲ ಹುಟ್ಟಿದ ಮಾತ್ರಕ್ಕೆ ಅದು ಊರಿನದಾಗುವುದಿಲ್ಲ. ಯಾರಾದರೂ ಬರೆಯಬೇಕು. ಲಿನಕ್ಸಿನ ಕೈಪಿಡಿ ಪುಟಗಳನ್ನು 2004ರಿಂದ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನೋಡಿಕೊಂಡವರು ಮೈಕಲ್ ಕೆರಿಸ್ಕ್. ಬರೆಯುವ ಮುಂಚೆ ಅವರು ಚಿಕ್ಕ ಚಿಕ್ಕ ಪ್ರೋಗ್ರಾಂ ಬರೆದು ಪ್ರಯೋಗ ಮಾಡಿ ನೋಡುತ್ತಿದ್ದರು. ಹಾಗೆ ನೋಡುವಾಗ ಕಟ್ಟಿದವರ ಕಣ್ಣಿಗೇ ಬೀಳದ ದೋಷಗಳು ಸಿಕ್ಕಿದ್ದುಂಟು. ಅಡುಗೆ ಪುಸ್ತಕ ಬರೆಯುವವಳು ಮಾಡಿ ನೋಡದೆ ಬರೆದರೆ ಉಣ್ಣುವವರ ಗತಿಯೇನು?

ಆ ಪುಟದಲ್ಲಿ ಈ ಗುರುತಿನ ಬಗ್ಗೆ ಇರುವುದನ್ನು ಅಕ್ಕನ ಮಗಳು ಸಾಲು ಸಾಲಾಗಿ ಬಿಡಿಸಿ ಹೇಳಿದಳು. ಮೊದಲನೆಯ ವಿಚಿತ್ರ: ತೆರೆಯುವಾಗ ಕಡತದ ಹೆಸರು ಕೊಡುವಂತಿಲ್ಲ, ಅದಿರಬೇಕಾದ ಡೈರೆಕ್ಟರಿಯ ಹೆಸರು ಕೊಡಬೇಕು. ಮಗುವಿನ ಹೆಸರು ಹೇಳದೆ ಮನೆತನದ ಹೆಸರು ಹೇಳಿದ ಹಾಗೆ. ಎರಡನೆಯದು, ‘ಇದ್ದರೆ ಮುಟ್ಟಬೇಡ’ ಎಂಬ ಹಳೆಯ ಗುರುತನ್ನು ಇದರ ಜೊತೆ ಸೇರಿಸಿದರೆ ಅದರ ಅರ್ಥವೇ ಬೇರೆಯಾಗಿಬಿಡುತ್ತದೆ: ‘ಈ ಕಡತಕ್ಕೆ ಮುಂದೆಯೂ ಹೆಸರಿಡಬೇಡ’ ಎಂದಾಗುತ್ತದೆ. ‘ಹತ್ತು’ ಎಂದರೆ ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಮರ ಹತ್ತುವುದು. ಮಕ್ಕಳಿಗೆ ನಾವೇ ಹೇಳಿಕೊಡಬೇಕು. ಹಾಗೆಯೇ ಕೈಪಿಡಿಯೂ ಇಲ್ಲಿನ ಅರ್ಥ ಬೇರೆ ಎಂದು ಎಚ್ಚರಿಸುತ್ತದೆ. ಈ ಒಂದು ವಾಕ್ಯವಿಲ್ಲದಿದ್ದರೆ ಎಷ್ಟು ಜನ ಎಡವುತ್ತಿದ್ದರೋ. ಎಲ್ಲ ಬಗೆಯ ಕಡತ ವ್ಯವಸ್ಥೆಗಳೂ ಈ ಅನುಕೂಲವನ್ನು ಒಪ್ಪುವುದಿಲ್ಲ ಎಂಬುದನ್ನೂ ಅಲ್ಲಿ ಮುಚ್ಚಿಟ್ಟಿಲ್ಲ.

ಮೂರನೆಯದೇ ನನ್ನ ಮನಸ್ಸಿನಲ್ಲಿ ಉಳಿದದ್ದು. ಕಡತ ತೆರೆಯುವ ಹಳೆಯ ಅಪ್ಪಣೆಗೆ ಒಂದು ಕೆಟ್ಟ ಅಭ್ಯಾಸವಿದೆ. ತನಗೆ ಗೊತ್ತಿಲ್ಲದ ಗುರುತು ಬಂದರೆ ಗೊತ್ತಿಲ್ಲ ಎನ್ನುವುದಿಲ್ಲ, ಸುಮ್ಮನೆ ಕಡೆಗಣಿಸಿ ಉಳಿದ ಕೆಲಸ ಮಾಡಿ ‘ಆಯಿತು’ ಎನ್ನುತ್ತದೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. “ಅರ್ಥವಾಯ್ತೇನ್ರೋ?” ಎಂದರೆ ಹಿಂದಿನ ಬೆಂಚಿನವರು ಎಲ್ಲರಿಗಿಂತ ಜೋರಾಗಿ “ಆಯ್ತು ಮೇಡಂ” ಎನ್ನುತ್ತಾರೆ. ಹಳೆಯ ಆವೃತ್ತಿಯ ಯಂತ್ರವೊಂದು ಈ ಹೊಸ ಗುರುತಿಗೂ ಹಾಗೆ ತಲೆಯಾಡಿಸಿದ್ದರೆ, ಸಿಗದ ರಕ್ಷಣೆಯನ್ನು ಸಿಕ್ಕಿತು ಎಂದು ನಂಬಿ ಕೂರಬೇಕಾಗುತ್ತಿತ್ತು.

ಕಟ್ಟಿದವರು ಒಂದು ಜಾಣತನ ಮಾಡಿದರು. ಹೊಸ ಗುರುತಿನೊಳಗೇ ‘ಇದು ಡೈರೆಕ್ಟರಿಯಾಗಿರಬೇಕು’ ಎಂಬ ಹಳೆಯ ಗುರುತನ್ನು ಹೆಣೆದರು. ಜೊತೆಗೆ ಬರೆಯಲು ತೆರೆಯುತ್ತಿದ್ದೇನೆ ಎಂದು ಹೇಳಲೇಬೇಕು ಎಂದು ನಿಯಮ ಮಾಡಿದರು. ಹಳೆಯ ಯಂತ್ರ ಹೊಸದನ್ನು ಕಡೆಗಣಿಸಿದರೂ ಹಳೆಯದನ್ನು ಓದಿಯೇ ಓದುತ್ತದೆ. ಡೈರೆಕ್ಟರಿಯನ್ನು ಬರೆಯಲು ತೆರೆಯುವುದು ಸಾಧ್ಯವಿಲ್ಲವಲ್ಲ, ಹಾಗಾಗಿ ತಪ್ಪೆಂದು ಹಿಂದಿರುಗಿಸುತ್ತದೆ. ಹಿಂದಿನ ಬೆಂಚಿನ ಹುಡುಗನನ್ನು “ಆಯ್ತು” ಎನ್ನಲಾಗದ ಹಾಗೆ ಪ್ರಶ್ನೆ ಕೇಳುವುದೆಂದರೆ ಇದೇ. ಆ ತಪ್ಪಿನ ಸೂಚನೆ ಬಂದರೆ ಯಂತ್ರ ಹಳೆಯದು ಎಂದು ತಿಳಿಯಬಹುದು ಎಂಬುದನ್ನೂ ಕೈಪಿಡಿಯ ತಪ್ಪುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಅದನ್ನು ಬರೆಯದೆ ಬಿಟ್ಟಿದ್ದರೆ, ನಾನು ಡೈರೆಕ್ಟರಿಯ ಹೆಸರನ್ನೇ ತಾನೇ ಕೊಟ್ಟದ್ದು, ಡೈರೆಕ್ಟರಿ ಎಂದು ಯಾಕೆ ಬೈಯುತ್ತಿದೆ ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು.

“ಇದು ನಿನಗೆ ಮೊದಲೇ ಗೊತ್ತಿರಲಿಲ್ಲವೇನೇ?” ಎಂದೆ.

“ಇಬ್ಬರಿಗೆ ಗೊತ್ತಿತ್ತು ಚಿಕ್ಕಮ್ಮ. ನಮ್ಮ ಕೆಲಸದ ಟಿಪ್ಪಣಿ ಪುಸ್ತಕದಲ್ಲಿ ಬರೆದಿರಲಿಲ್ಲ. ಅವರಿಬ್ಬರೂ ಬಿಟ್ಟು ಹೋಗಿದ್ದರು” ಎಂದಳು. ವಾರದ ಪಟ್ಟಿಗೆ ಪ್ರತಿ ಸಲವೂ ಹೊಸ ತಾರೀಖಿನ ಹೆಸರು, ಹಾಗಾಗಿ ಈ ಗುರುತು ಅಲ್ಲಿಗೆ ಸರಿಯಾಗಿ ಹೊಂದುತ್ತಿತ್ತು. ಹಳೆಯ ಹೆಸರಿನ ಮೇಲೆಯೇ ಹೊಸದನ್ನು ಕೂರಿಸಬೇಕಾದಲ್ಲಿ ಮಾತ್ರ ಹಳೆಯ ಉಪಾಯವೇ ವಾಸಿ ಎಂದೂ ಹೇಳಿದಳು. ಆ ಕೆಲಸ ಬಿಡುವ ಮುಂಚೆ ಅವಳು ಇದನ್ನೆಲ್ಲ ಎರಡು ಪುಟದಲ್ಲಿ ಬರೆದಿಟ್ಟು ಬಂದಳಂತೆ, ಕೆಳಗೆ ದೋಷಗಳನ್ನೂ ಸೇರಿಸಿ.

2020ರಲ್ಲಿ ಲಿನಕ್ಸಿನ 5.6ನೆಯ ಆವೃತ್ತಿಯೊಂದಿಗೆ ಕಡತ ತೆರೆಯುವ ಇನ್ನೊಂದು ಅಪ್ಪಣೆ ಬಂತು. ಇದು ಗೊತ್ತಿಲ್ಲದ ಗುರುತು ಕಂಡರೆ ಸುಮ್ಮನಿರುವುದಿಲ್ಲ, ಗೊತ್ತಿಲ್ಲ ಎಂದು ನೇರವಾಗಿ ಹಿಂದಿರುಗಿಸುತ್ತದೆ. ಅದಕ್ಕೆ ಕೈಪಿಡಿಯಲ್ಲಿ ಪ್ರತ್ಯೇಕ ಪುಟವೇ ಇದೆ. ಹಳೆಯದನ್ನು ತಿದ್ದುವ ಹಾಗಿಲ್ಲ. ಅದು ತಲೆಯಾಡಿಸುತ್ತದೆ ಎಂಬುದನ್ನೇ ನೆಚ್ಚಿಕೊಂಡು ನಡೆಯುವ ಹಳೆಯ ಪ್ರೋಗ್ರಾಂಗಳು ಇದ್ದಾವು. ಹೀಗಾಗಿ ಎರಡೂ ಅಪ್ಪಣೆಗಳು ಅಕ್ಕಪಕ್ಕದ ಪುಟಗಳಲ್ಲಿ ಬಾಳುತ್ತಿವೆ, ಒಂದರ ಸ್ವಭಾವ ಇನ್ನೊಂದರ ಪುಟದಲ್ಲಿ ದಾಖಲಾಗಿ.