ಶಿವನಸಮುದ್ರದ ಕಲ್ಲು ಸೇತುವೆಗಳು

ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವ ಮೊದಲು, ಶಿವನಸಮುದ್ರದ ನಡುಗಡ್ಡೆಯನ್ನು ಎರಡೂ ದಡಗಳಿಗೆ ಸೇರಿಸಿದ ಹಳೆಯ ಸೇತುವೆಗಳು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮಂಡ್ಯ ಜಿಲ್ಲೆಯನ್ನು ಮುಟ್ಟುವ ಗಡಿಯಲ್ಲಿವೆ.

19ನೆಯ ಶತಮಾನದ ಮೊದಲರ್ಧದಲ್ಲಿ ಇವನ್ನು ಎತ್ತಿ ನಿಲ್ಲಿಸಿದವರು ಶಿವನಸಮುದ್ರದ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್. ಒಂದಕ್ಕೆ ಮದ್ರಾಸ್ ಗವರ್ನರ್ ಲಷಿಂಗ್ಟನ್ ಅವರ ಹೆಸರಿಟ್ಟರು. ಇನ್ನೊಂದು ಜನರ ಬಾಯಲ್ಲಿ ವೆಸ್ಲಿ ಸೇತುವೆ. ನದಿಯ ಬಂಡೆತಳದ ಮೇಲೆ ಒತ್ತೊತ್ತಾಗಿ ನೆಟ್ಟ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು: ಮಳೆಗಾಲದ ಕಾವೇರಿಯ ಸೆಳೆತ ಕಂಡವರಿಗೆ ಆ ಕೆಲಸಗಾರರ ಧೈರ್ಯ ಅರ್ಥವಾಗುತ್ತದೆ.

ಇವುಗಳ ಮಹತ್ವ ತಿಳಿಯಲು ಅಂದಿನ ಆಡಳಿತದ ನಕ್ಷೆ ನೋಡಬೇಕು. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿನ ಹನೂರು ತಾಲ್ಲೂಕೂ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಹಗೀರು. ಕನ್ನಡ ನಾಡಿನ ಒಂದು ತುಂಡನ್ನು ಮೈಸೂರಿಗೆ ಸೇರಿಸಿದ್ದು ಈ ಕಲ್ಲುದಾರಿ. ಎದುರು ದಡದ ವಿದ್ಯುದಾಗಾರ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಕಳಿಸಿ ಜಗತ್ತಿನ ಗಮನ ಸೆಳೆಯಿತು. ಸೇತುವೆಗಳಿಗೆ ಅಂಥ ಕೀರ್ತಿ ಸಿಗದಿದ್ದುದು ಅನ್ಯಾಯ.

2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳು ಪಕ್ಕದ ಹೊಸ ಸೇತುವೆಯ ಮೇಲೆ ಓಡಾಡುತ್ತವೆ.